ತೀರ್ಥನ್ ನದಿಗೆ ಎರಡು ಪರವಾನಗಿ

ಕಳೆದ ತಿಂಗಳು ಕುವೈತಿನ ಹವಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿ ತೂಗಿಸಿಕೊಂಡು ಬರುವಾಗ ಮೀನಿನ ವಿಭಾಗದ ಮುಂದೆ ಹಾದು ಬರಬೇಕಾಯಿತು. ನಾನು ಹುಟ್ಟಿನಿಂದ ಸಸ್ಯಾಹಾರಿ. ಆ ಕಡೆ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ನಾಲ್ಕು ಹೆಜ್ಜೆ ಬೇಗ ಹಾಕಿ ದಾಟಿಬಿಡುವುದು ರೂಢಿ. ಆ ದಿನ ಟ್ರಾಲಿ ತಳ್ಳುತ್ತಿದ್ದ ನನ್ನ ಗಂಡ ಮಹಾಂತೇಶ ಅಲ್ಲೇ ನಿಂತುಬಿಟ್ಟರು. ಪುಡಿ ಐಸಿನ ಮೇಲೆ, ಮೈತುಂಬ ಕಪ್ಪು ಚುಕ್ಕೆಗಳಿದ್ದ ಗೇಣುದ್ದದ ಮೀನುಗಳನ್ನು ಸಾಲಾಗಿ ಮಲಗಿಸಿದ್ದರು. ಟರ್ಕಿಯಿಂದ ತರಿಸಿದ್ದೆಂದು ಬೋರ್ಡಿನಲ್ಲಿತ್ತು. ಅವರು ಬೋರ್ಡು ಓದಿ ನನ್ನ ಕಡೆ ತಿರುಗಿದರು.

"ಇಲ್ಲೇ ಬಂದದ ನೋಡು ನಿನ್ನ ಟ್ರೌಟ್. ಅಷ್ಟು ದೂರ ಹೋಗೂ ಕೆಲಸಾನ ಇದ್ದಿಲ್ಲ," ಎಂದು ನಕ್ಕರು.

ನಾನು ನಗಲಿಲ್ಲ. ಹಿಡಿದಿದ್ದ ಉಸಿರು ತಪ್ಪಿ ಮೀನಿನ ವಾಸನೆ ಮೂಗಿಗೆ ಬಡಿಯಿತು. ಬೆಂಡೆಕಾಯಿ ಮರೆತೆನೆಂದು ಹೇಳಿ ವಾಪಸು ತರಕಾರಿಯ ಕಡೆ ಹೋಗಿ, ಬೇಕಿಲ್ಲದ ಬೆಂಡೆಕಾಯಿಯನ್ನು ಒಂದೊಂದಾಗಿ ಆರಿಸುತ್ತಾ ನಿಂತೆ. ಎಂಟು ವರ್ಷವಾಯಿತು. ಅವರಿಗೆ ಅದೊಂದು ತಮಾಷೆಯಾಗಿ ಉಳಿದಿದೆ. ನನಗೆ ಹಾಗೆ ಉಳಿದಿಲ್ಲ. ಸಿಟ್ಟು ಹಳೆಯದಾದರೆ ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನದು ಆಗಿಲ್ಲ, ಆಗಲಿ ಎಂದು ನಾನು ಪ್ರಯತ್ನಿಸಿಯೂ ಇಲ್ಲ.

ಅದು ಕುವೈತಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದ ವರ್ಷ. ನಾವು ಮೈದಾನ್ ಹವಲ್ಲಿಯ ಐದನೇ ಮಹಡಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಮಹಾಂತೇಶ ಅಹ್ಮದಿಯ ಕಡೆ ಒಂದು ಕಂಪನಿಯಲ್ಲಿ ಎಂಜಿನಿಯರ್. ಮಗಳು ಅನನ್ಯಾಗೆ ಹತ್ತು ವರ್ಷ. ನಾನು ಜಾಬ್ರಿಯಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಆ ಬೇಸಿಗೆ ನೆನಪಿದೆ. ಜುಲೈಯಲ್ಲಿ ಧೂಳೆದ್ದರೆ ಮೂರು ದಿನ ಇಳಿಯುತ್ತಿರಲಿಲ್ಲ. ಮಾಳಿಗೆಯ ಟ್ಯಾಂಕು ಕಾದು ತಣ್ಣೀರಿನ ನಳದಲ್ಲಿ ಕೈಸುಡುವ ನೀರು ಬರುತ್ತಿತ್ತು. ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ನಿಂತ ನೀರನ್ನೇ ತಣ್ಣೀರೆಂದು ಸ್ನಾನಕ್ಕೆ ಬಳಸುತ್ತಿದ್ದೆವು. ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ. ನೀರೆಂದರೆ ನನಗೆ ಕೊಡ, ಪಾಳಿ, ಜಗಳ. ಹರಿಯುವ ತಣ್ಣನೆಯ ನೀರಿನಲ್ಲಿ ಮೊಣಕಾಲವರೆಗೆ ನಿಂತರೆ ಹೇಗಿರುತ್ತದೆ ಎಂಬುದು ಮೂವತ್ತೇಳು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

ನೀಲಾವತಿಗೆ ಗೊತ್ತಿತ್ತು. ಅವಳು ನಮ್ಮ ಕ್ಲಿನಿಕ್ಕಿನಲ್ಲೇ ನರ್ಸು, ಸಣ್ಣ ಆಪರೇಷನ್ನುಗಳ ಕೋಣೆ ಅವಳ ಸುಪರ್ದಿಯಲ್ಲಿತ್ತು. ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವಳು, ಬೆಸ್ತರ ಮನೆಯ ಮಗಳು. ಅವಳ ಅಪ್ಪ ಹರಿಗೋಲಿನಲ್ಲಿ ಕಾವೇರಿಗಿಳಿದು ಬಲೆ ಹಾಕುತ್ತಿದ್ದರು. ಇವಳು ಶಾಲೆಗೆ ಹೋಗುವ ಮುಂಚೆ ಮೀನಿನ ಬುಟ್ಟಿ ಹೊತ್ತು ಸಂತೆಗೆ ಮುಟ್ಟಿಸುತ್ತಿದ್ದಳು. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಅವಳ ಪಕ್ಕದ ಮಂಚದವಳು ವಾಸನೆ ಬರುತ್ತದೆಂದು ಕೋಣೆ ಬದಲಿಸಿಕೊಂಡಿದ್ದಳಂತೆ. ಅದನ್ನು ನೀಲಾ ನನಗೆ ಹೇಳಿದ್ದು ಪರಿಚಯವಾಗಿ ನಾಲ್ಕು ವರ್ಷದ ಮೇಲೆ. ಅವಳಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು.

ಟ್ರೌಟಿನ ವಿಷಯ ತಂದವರು ರೋಶನ್ ಲಾಲ್. ಐವತ್ತು ದಾಟಿದ ಮನುಷ್ಯ, ನಮ್ಮ ಲ್ಯಾಬಿನ ಸ್ಯಾಂಪಲ್ಲುಗಳನ್ನು ದೊಡ್ಡ ಲ್ಯಾಬಿಗೆ ಒಯ್ಯುವ ವ್ಯಾನಿನ ಡ್ರೈವರು. ಹಿಮಾಚಲದ ಬಂಜಾರ್ ಎಂಬ ಊರಿನವರು. ಒಂದು ದಿನ ಐಸ್ ಪೆಟ್ಟಿಗೆಯಲ್ಲಿ ರಕ್ತದ ಟ್ಯೂಬುಗಳನ್ನು ಜೋಡಿಸುತ್ತಿದ್ದಾಗ, ತಮ್ಮೂರಿನ ತೀರ್ಥನ್ ನದಿಯ ನೀರು ಅಕ್ಟೋಬರಿನಲ್ಲಿ ಈ ಪೆಟ್ಟಿಗೆಯಷ್ಟೇ ತಣ್ಣಗಿರುತ್ತದೆ, ಬೆಚ್ಚಗಾದರೆ ಸತ್ತುಹೋಗುವ ಮೀನೊಂದು ಅದರಲ್ಲಿದೆ ಎಂದರು. ಬಿಳಿಯರು ಬಿಟ್ಟುಹೋದ ಮೀನು, ಟ್ರೌಟು. ಬಲೆ ಹಾಕುವಂತಿಲ್ಲ, ಎರೆಹುಳು ಚುಚ್ಚುವಂತಿಲ್ಲ. ಸರ್ಕಾರದ ಪರವಾನಗಿ ಪಡೆದು, ಒಬ್ಬರಿಗೆ ಒಂದೇ ಗಾಳ, ಅದರ ತುದಿಗೆ ಥಳಥಳಿಸುವ ಲೋಹದ ತುಣುಕು ಕಟ್ಟಿ ಎಸೆದು ಎಳೆಯಬೇಕು. ನವೆಂಬರ್ ಬಂದರೆ ಹಿಡಿಯುವುದು ಬಂದ್.

"ರಾಗಿ ಮುದ್ದೆ ಹಾಕುದ್ರೂ ಕಚ್ಚಲ್ವಂತಾ?" ಎಂದು ನೀಲಾ ಕೇಳಿದಳು. ನಾನದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ರೋಶನ್ ಲಾಲ್ ಬಹಳ ಗಂಭೀರವಾಗಿ ತಲೆಯಾಡಿಸಿ, ಅದು ನಮ್ಮಂಥವರ ಊಟಕ್ಕೆ ಮರುಳಾಗುವ ಮೀನಲ್ಲ ಎಂದರು. ಅವತ್ತು ಸಂಜೆ ವ್ಯಾನಿನಲ್ಲಿ ಮನೆಗೆ ಬರುವಾಗ ನೀಲಾ ಕಿಟಕಿಯ ಹೊರಗೆ ನೋಡುತ್ತಾ, "ನಮ್ಮಪ್ಪ ಬದುಕಿರೋವರ್ಗೂ ಹೊಟ್ಟೆಗೋಸ್ಕರ ಮೀನು ಹಿಡಿದ್ರು ಗಿರಿಜಾ. ನಾನು ಒಂದೇ ಒಂದ್ಸಲ ಸುಮ್ನೆ ಹಿಡೀಬೇಕು. ಪರವಾನಗಿ ಇಟ್ಕೊಂಡು, ದೊಡ್ಡ ಮನುಷ್ಯರ ಥರ," ಎಂದಳು.

ನಾನು ಬರುತ್ತೇನೆ ಎಂದೆ. ನನಗೆ ಮೀನು ಬೇಕಿರಲಿಲ್ಲ, ಸಿಕ್ಕರೆ ವಾಪಸು ನೀರಿಗೆ ಬಿಡುತ್ತಿದ್ದೆ. ಆದರೆ ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ನಾನು ಹೋದ ಊರುಗಳೆಲ್ಲ ಯಾರದೋ ಮದುವೆ, ಯಾರದೋ ತೊಟ್ಟಿಲು, ಯಾರದೋ ಆಪರೇಷನ್ನು. ನಾನಾಗಿ ಬೇಕೆಂದು ಹೋದ ಊರು ಒಂದೂ ಇರಲಿಲ್ಲ.

ಆ ವರ್ಷ ರಮದಾನ್ ಸೆಪ್ಟೆಂಬರಿನಲ್ಲಿ ಶುರುವಾಗಿ ಈದ್ ಅಕ್ಟೋಬರಿನ ನಡುವೆ ಬರುತ್ತಿತ್ತು. ಈದ್ ರಜೆಗೆ ನಮ್ಮ ವಾರ್ಷಿಕ ರಜೆಯ ಒಂದಿಷ್ಟು ದಿನ ಸೇರಿಸಿದರೆ ಹತ್ತು ದಿನ. ದೆಹಲಿಯವರೆಗೆ ವಿಮಾನ, ಅಲ್ಲಿಂದ ಮನಾಲಿಯ ಬಸ್ಸು, ನಡುದಾರಿಯಲ್ಲಿ ಔಟ್ ಎಂಬಲ್ಲಿ ಇಳಿದರೆ ರೋಶನ್ ಲಾಲರ ತಮ್ಮ ಜೀಪು ತರುತ್ತಾನೆ. ನದಿಯ ದಂಡೆಯ ಅವರ ಹೊಲದಲ್ಲೇ ಡೇರೆ ಹಾಕುವುದು. ಹೆದರಿಕೆಯಾದರೆ ನೂರು ಹೆಜ್ಜೆ ಮೇಲೆ ಅವರ ಮನೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ನಮ್ಮಿಬ್ಬರ ಹೆಸರಿಗೂ ತಮ್ಮನೇ ಪರವಾನಗಿ ಬರೆಸಿಡುತ್ತಾನೆ.

ಜುಲೈಯಿಂದ ಮೂರು ತಿಂಗಳು ಅದೇ ಕೆಲಸ. ಲ್ಯಾಬ್ ಫಾರಮ್ಮುಗಳ ಹಿಂಬದಿಯಲ್ಲಿ ಪಟ್ಟಿ ಬರೆದೆವು, ಹೊಡೆದುಹಾಕಿದೆವು, ಮತ್ತೆ ಬರೆದೆವು. ಟಾರ್ಚು, ಬೆಂಕಿಪೊಟ್ಟಣ, ಉಣ್ಣೆಯ ಕಾಲುಚೀಲ, ಉಪ್ಪು. ಹತ್ತು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಲು ಅವ್ವನಿಗೆ ಫೋನು ಮಾಡಿದೆ. ನೀಲಾ ಕುವೈತ್ ಸಿಟಿಯ ಹಳೇ ಪೇಟೆ ಸೂಕಿನಿಂದ ಮಡಚಿಡುವ ಎರಡು ಸಣ್ಣ ಗಾಳದ ಕೋಲು ತಂದಳು. ಅಂಗಡಿಯವನು ಇಲ್ಲಿನ ಸಮುದ್ರಕ್ಕೆ ಇದು ಆಟಿಕೆ, ಬೇಡಮ್ಮ ಎಂದನಂತೆ. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಅವಳು ಅವಧಿ ಮುಗಿದ ಹೊಲಿಗೆ ದಾರದ ಪ್ಯಾಕೆಟ್ಟು ಒಡೆದು ನನಗೆ ಗಂಟು ಕಲಿಸುತ್ತಿದ್ದಳು. ಗಾಯ ಹೊಲಿಯುವಾಗ ಹಾಕುವ ಗಂಟೂ ಗಾಳದ ದಾರಕ್ಕೆ ಹಾಕುವ ಗಂಟೂ ಹೆಚ್ಚು ಕಡಿಮೆ ಒಂದೇ. ಎರಡು ಸುತ್ತು, ಎಂಜಲು ಮಾಡಿ ಒದ್ದೆ ಮಾಡು, ಆಮೇಲೆ ಎಳೆ. ಒಣ ದಾರ ಎಳೆದರೆ ಬಿಸಿಯಾಗಿ ತುಂಡಾಗುತ್ತದೆ. ನಾನು ನೂರು ಗಂಟು ಹಾಕಿದ್ದೇನೆ. ಇವತ್ತೂ ಕಣ್ಣು ಮುಚ್ಚಿ ಹಾಕಬಲ್ಲೆ.

ಎಸೆಯುವುದನ್ನು ಕಲಿಯಲು ನಮ್ಮ ಕಟ್ಟಡದ ಮಾಳಿಗೆಗೆ ಹೋಗುತ್ತಿದ್ದೆವು, ರಜೆಯ ದಿನ ಬಿಸಿಲೇರುವ ಮುಂಚೆ. ಅಲ್ಲಿ ಡಿಶ್ ಆಂಟೆನಾಗಳ ಕಾಡು. ಮೂರನೇ ವಾರ ನನ್ನ ಗಾಳ ಕೆಳಗಿನ ಮನೆಯವರ ಡಿಶ್ಶಿಗೆ ಸಿಕ್ಕಿ, ಎಳೆದ ರಭಸಕ್ಕೆ ಅದು ತಿರುಗಿ ಅವರ ಟಿವಿ ಹೋಯಿತು. ಕಟ್ಟಡದ ಕಾವಲಿನವನು ಮೇಲೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿದು ನಿಂತ ನನ್ನನ್ನು ನೋಡಿ ಕಕ್ಕಾಬಿಕ್ಕಿಯಾದ. ಸುದ್ದಿ ಆರೂ ಮಹಡಿಗೆ ಹೋಯಿತು.

ಮಹಾಂತೇಶ ಅದಕ್ಕೂ ನಕ್ಕರು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟಿನ ಬೇರು ಇಲ್ಲಿದೆ. ಅವರು ಒಂದು ದಿನವೂ ಬೇಡ ಎನ್ನಲಿಲ್ಲ. ಮೊದಲ ಸಲ ಹೇಳಿದಾಗ "ನೋಡೂಣಲ್ಲ" ಎಂದರು. ಎರಡನೇ ಸಲವೂ ನೋಡೂಣಲ್ಲ. ಆಗಸ್ಟಿನಲ್ಲಿ ಒಂದು ಶುಕ್ರವಾರ ತಾವೇ ಸೂಕ್ ಅಲ್ ಜುಮಾದ ಹಳೇ ಸಾಮಾನಿನ ಸಂತೆಗೆ ಹೋಗಿ, ಯಾರೋ ಸೈನಿಕ ಬಿಟ್ಟುಹೋದಂತಿದ್ದ ಹಸಿರು ಡೇರೆಯೊಂದನ್ನು ಹೊತ್ತು ತಂದರು. ಹಾಲಿನಲ್ಲಿ ಸೋಫಾ ಸರಿಸಿ ಅದನ್ನು ಎಬ್ಬಿಸಿ ನಿಲ್ಲಿಸಿ, ಮಗಳನ್ನು ಒಳಗೆ ಮಲಗಿಸಿ ಫೋಟೋ ತೆಗೆದರು. ನನಗೆ ಕಣ್ಣಲ್ಲಿ ನೀರು ಬಂತು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನೀಲಾಗೆ ಹೇಳಿದೆ. ಅವಳು ಪಟ್ಟಿಯಲ್ಲಿ ಮುಂದಿನ ಸಾಮಾನು ಓದಿದಳು.

ನಮ್ಮ ಕಡೆಯವರ ಒಂದು ಊಟದಲ್ಲಿ ಅವರು ಹತ್ತು ಜನರ ಮುಂದೆ ಡಿಶ್ಶಿನ ಕತೆ ಹೇಳಿ, "ನಮ್ಮಕಿ ಲಿಂಗದ ಕಾಯಿ ಮನಿಯಾಗ ಇಟ್ಟು ಗಾಳ ಹಿಡಕೊಂಡು ಹೊಂಟಾಳ" ಎಂದರು. ಎಲ್ಲರೂ ನಕ್ಕರು. ಗಂಡಸರು ಅವರ ಬೆನ್ನು ತಟ್ಟಿದರು. ಹೆಂಗಸರು ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡು, ಇಬ್ಬರೇ ಹೆಂಗಸರಾ, ಡೇರೆಯಲ್ಲಾ, ಮಗಳಿಗೆ ಊಟ ಯಾರು ಹಾಕುತ್ತಾರೆ, ಅದೂ ನವರಾತ್ರಿಯಲ್ಲಾ, ಘಟ ಹಾಕುವ ಹೊತ್ತಿಗೆ ಮೀನು ಹಿಡಿಯುವುದಾ ಎಂದು ಕೇಳಿದರು. ಅವರ ಗಂಡಂದಿರು ವರ್ಷಕ್ಕೆರಡು ಸಲ ಬ್ಯಾಂಕಾಕಿಗೂ ದುಬೈಗೂ ಹೋಗಿ ಬರುವಾಗ ಊಟ ಯಾರು ಹಾಕುತ್ತಾರೆಂದು ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ನನ್ನ ಗಂಡನೇ ಒಪ್ಪಿದ್ದಾರೆ ಎಂದೆ. ಆ ಮಾತು ಹೇಳುವಾಗ ನನಗೆಷ್ಟು ಹೆಮ್ಮೆಯಿತ್ತು ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ರಮದಾನ್ ನಡುವೆ ಒಂದು ಸಂಜೆ ನಾನು ಕಾಲುಚೀಲ, ಸ್ವೆಟರು ಜೋಡಿಸುತ್ತಿದ್ದೆ. ಅನನ್ಯಾ ಹೋಂವರ್ಕ್ ಮಾಡುತ್ತಿದ್ದವಳು ತಲೆಯೆತ್ತಿ, "ಮಮ್ಮಿ, ಪಪ್ಪಾ ಸೆಡ್ ಯು ಆರ್ ನಾಟ್ ರಿಯಲಿ ಗೋಯಿಂಗ್. ದೆನ್ ವೈ ಆರ್ ಯು ಪ್ಯಾಕಿಂಗ್?" ಎಂದಳು. ಅವರು ಬಂದ ಮೇಲೆ ಕೇಳಿದೆ. ಮಗು ಅಳಬಾರದೆಂದು ಹಾಗೆ ಹೇಳಿದ್ದಾಗಿ ಹೇಳಿದರು. ನಂಬಿದೆ. ಹತ್ತು ವರ್ಷದ ಹುಡುಗಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ನಮ್ಮೆಲ್ಲರ ಕಣ್ಣು ಇದ್ದದ್ದು ನೀಲಾಳ ಪಾಸ್‌ಪೋರ್ಟಿನ ಮೇಲೆ. ಕ್ಲಿನಿಕ್ಕಿನ ನೌಕರರ ಪಾಸ್‌ಪೋರ್ಟುಗಳೆಲ್ಲ ಮ್ಯಾನೇಜರ್ ಅಬು ನಾಸರ್ ಕೋಣೆಯ ಕಬ್ಬಿಣದ ಕಪಾಟಿನಲ್ಲಿರುತ್ತಿದ್ದವು. ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ ನಿಯಮ ಅದು, ಎಲ್ಲ ಕಡೆ ಇದ್ದದ್ದೇ. ನನ್ನ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಅದೂ ಕ್ಲಿನಿಕ್ಕಿನದೇ, ಆದರೆ ಗಂಡ ಇದೇ ಊರಿನಲ್ಲಿರುವ ಹೆಂಗಸರದ್ದನ್ನು ಅಬು ನಾಸರ್ ಇಟ್ಟುಕೊಳ್ಳುತ್ತಿರಲಿಲ್ಲ. ಅದು ಗಂಡನ ಹತ್ತಿರ ಇರಲಿ ಎನ್ನುವುದು ಅವನ ಔದಾರ್ಯ. ಹಾಗಾಗಿ ನನ್ನದು ಮನೆಯಲ್ಲಿ, ಕಪಾಟಿನ ಲಾಕರಿನಲ್ಲಿ, ಸುರಕ್ಷಿತ. ಲಾಕರಿನ ಬೀಗದ ಕೈ ಮಹಾಂತೇಶರ ಕೀಲಿಗೊಂಚಲಿನಲ್ಲಿ. ಅದು ಅಲ್ಲೇ ಯಾಕಿರಬೇಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ನೀಲಾ ಅಬು ನಾಸರ್ ಬಳಿಗೆ ಮೂರು ಸಲ ಹೋದಳು. ಎರಡು ಸಲ ನಾಳೆ ಬಾ, ಇನ್ಷಾ ಅಲ್ಲಾ ಎಂದು ಕಳಿಸಿದ. ಇಬ್ಬರ ಜಾಮೀನು ಬರೆಸಿಕೊಂಡು ಬಾ ಎಂದ. ಮೂರನೇ ಸಲ ಅವಳು ಅವನ ಎದುರಿನ ಕುರ್ಚಿಯಲ್ಲಿ ಕೂತು, ಎದೆಯ ಮೇಲಿನ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟು, ತನಗೆ ಗೊತ್ತಿದ್ದ ಅರಬ್ಬಿಯಲ್ಲಿ, ಅದು ನನ್ನದು, ಕೊಡಿ ಎಂದಳಂತೆ. ಹತ್ತು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಆಮೇಲೆ ಅವನು ಕಪಾಟು ತೆರೆದ. ಅವಳು ಪಾಸ್‌ಪೋರ್ಟು ಹಿಡಿದು ನೇರ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತಳು. ನಾನು ಅವಳಿಗೆ ಸಕ್ಕರೆ ಹಾಕಿ ನೀರು ಕೊಟ್ಟೆ. ದೊಡ್ಡ ಗಂಡಾಂತರ ಕಳೆಯಿತು, ನನ್ನದೇನು, ಮನೆಯಲ್ಲೇ ಇದೆಯಲ್ಲ ಎಂದೆ.

ಹೊರಡಲು ಎರಡು ದಿನ ಇತ್ತು. ಮಹಾಂತೇಶ ಆಫೀಸಿನಿಂದ ಬಂದು, ಚಹಾ ಕುಡಿದು, ಬಟ್ಟಲು ಕೆಳಗಿಟ್ಟ ಮೇಲೆ ಹೇಳಿದರು. ಮಗಳ ಇಕಾಮಾ ನವೀಕರಣಕ್ಕೆ ತಾಯಿಯ ಪಾಸ್‌ಪೋರ್ಟೂ ಬೇಕಾಯಿತಂತೆ. ಸರ್ಕಾರಿ ಕಚೇರಿಗಳಿಗೆ ಓಡಾಡುವ ಅವರ ಕಂಪನಿಯ ಮಂದೂಬ್ ವಾರದ ಹಿಂದೆ ಒಯ್ದಿದ್ದಾನಂತೆ. ಈದ್ ಮುಂಚೆ ಕೊಡುತ್ತೇನೆಂದಿದ್ದ, ಈಗ ಕಚೇರಿಯೆಲ್ಲ ಬಂದ್, ಅವನೂ ಊರಿಗೆ ಹೋದ, ಫೋನು ಹತ್ತುತ್ತಿಲ್ಲ. "ನನಗೂ ಭಾಳ ಕೆಟ್ಟ ಅನಸ್ತದ ಗಿರಿಜಾ," ಎಂದರು. ಮುಖವೂ ಹಾಗೇ ಇತ್ತು.

ನೀಲಾಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕಪಾಟು ತೆಗೆದು ನೋಡ್ದಾ?" ಎಂದಳು.

"ನಮ್ಮನಿಯವರು ಹಂಗ ಸುಳ್ಳ ಹೇಳೂ ಮನಷ್ಯಾ ಅಲ್ಲ ನೀಲಾ," ಎಂದೆ.

ಅವಳು, ರೊಟ್ಟಿಯ ಗಂಟನ್ನು ಯಾರ ಕೈಲಾದರೂ ಕಳಿಸು, ದಾರಿಗಾಗುತ್ತದೆ ಎಂದು ಫೋನಿಟ್ಟಳು. ಈದ್ ಹಬ್ಬದ ಹಿಂದಿನ ದಿನ ರೋಶನ್ ಲಾಲ್ ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ಡೇರೆ ಅವಳ ಜೊತೆ ಹೋಯಿತು. ನನ್ನ ಗಾಳದ ಕೋಲು ಮನೆಯಲ್ಲಿ ಉಳಿಯಿತು.

ಈದ್ ರಜೆಯಲ್ಲಿ ಮಹಾಂತೇಶ ಎಂದಿಗಿಂತ ಒಳ್ಳೆಯವರಾಗಿದ್ದರು. ಸಂಜೆ ಸಂಜೆ ನಮ್ಮನ್ನು ಸಾಲ್ಮಿಯಾದ ಸಮುದ್ರದ ದಂಡೆಗೆ ಕರೆದುಕೊಂಡು ಹೋದರು, ಐಸ್‌ಕ್ರೀಮ್ ಕೊಡಿಸಿದರು, ನನ್ನ ಕಾಲು ನೋಯುತ್ತದೆಯೇ ಎಂದು ಕೇಳಿದರು. ಬೆಚ್ಚಗಿನ ಸಮುದ್ರದ ನೀರು ಅಂಗಾಲಿಗೆ ತಗುಲುತ್ತಿದ್ದಾಗ ನಾನು ಪಾಪ, ನನಗಾಗಿ ಎಷ್ಟು ಒದ್ದಾಡುತ್ತಿದ್ದಾರೆ ಎಂದುಕೊಂಡೆ. ಅವರ ದುಃಖಕ್ಕೆ ನಾನು ಸಮಾಧಾನ ಹೇಳಿದೆ. ಎಂಟು ವರ್ಷದಲ್ಲಿ ನಾನು ಕ್ಷಮಿಸಲಾಗದ್ದು ಸುಳ್ಳನ್ನಲ್ಲ, ಆ ಐದಾರು ಸಂಜೆಗಳನ್ನು.

ಮಹಾನವಮಿ ಶನಿವಾರ ಬಂತು. ಖಂಡೆ ಪೂಜೆಗೆ ಬೆಳ್ಳಿಯ ದೀಪ, ತಟ್ಟೆ ಬೇಕಿತ್ತು; ಅವೂ ಲಾಕರಿನಲ್ಲೇ. ಅವರು ಕಾರಿಗೆ ಪೂಜೆ ಮಾಡಲೆಂದು ಕೆಳಗೆ ಕಾರು ತೊಳೆಯಲು ಹೊರಟಿದ್ದರು. ಬೀಗದ ಕೈ ಕೇಳಿದೆ. ಅವಸರದಲ್ಲಿ ಗೊಂಚಲಿನಿಂದ ಕಾರಿನ ಕೀಲಿ ಬಿಚ್ಚಿಕೊಂಡು ಉಳಿದದ್ದನ್ನು ನನ್ನ ಕೈಗೆ ಹಾಕಿ ಹೋದರು. ಲಾಕರ್ ತೆರೆದೆ. ಬೆಳ್ಳಿಯ ತಟ್ಟೆಯ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಮೂರು ಪಾಸ್‌ಪೋರ್ಟು. ಮೇಲಿನದೇ ನನ್ನದು. ಎಲ್ಲಿಗೂ ಹೋಗಿ ಬಂದ ಗುರುತಿರಲಿಲ್ಲ. ಮಗಳದರಲ್ಲಿ ನೋಡಿದೆ, ಅವಳ ಇಕಾಮಾ ಇನ್ನೂ ಏಳು ತಿಂಗಳಿತ್ತು.

ದೀಪ ಹಚ್ಚಲಿಲ್ಲ. ಊಟದ ಮೇಜಿನ ಮೇಲೆ ಪಾಸ್‌ಪೋರ್ಟಿಟ್ಟುಕೊಂಡು ಕೂತೆ. ಅವರು ಬಂದರು, ಕೈಯೊರೆಸಿಕೊಳ್ಳುತ್ತಾ ಮೇಜಿನ ಕಡೆ ನೋಡಿದರು.

"ಇದು ಮಂದೂಬ್ ಕಡೆ ಇತ್ತಲ್ಲ?" ಎಂದೆ.

"ನಿನ್ನೆ ತಂದ ಕೊಟ್ಟ."

"ನಿನ್ನೆ ಶುಕ್ರವಾರ."

ಅವರು ಕುರ್ಚಿ ಎಳೆದು ಕೂತರು. "ನಿನಗ ಕೆಡಕ ಆಗ್ಲಿ ಅಂತ ಮಾಡೇನೇನು? ಇಬ್ಬರ ಹೆಂಗಸರು, ಗೊತ್ತಿಲ್ಲದ ಗುಡ್ಡ, ಹೊಳಿ. ಊರಾಗ ಅವ್ವ ದಿನಾ ಫೋನ್ ಮಾಡಿ ಅಳತಿದ್ಲು. ಬ್ಯಾಡ ಅಂದ್ರ ನೀ ಕೇಳ್ತಿದ್ದಿಲ್ಲ," ಎಂದರು.

"ಬ್ಯಾಡ ಅಂತ ನೀವು ಅನ್ನಲೇ ಇಲ್ಲಲ್ಲ. ಒಂದ ಸಲಾನೂ ಅನ್ನಲಿಲ್ಲ."

"ಅಂದಿದ್ರ ಜಗಳಾಗ್ತಿತ್ತು."

"ಆಗಬೇಕಿತ್ತು," ಎಂದೆ. "ಜಗಳಾ ಮಾಡಿ ನಾ ಸೋತಿದ್ರ ಮನಿಯಾಗ ಕೂಡ್ತಿದ್ದೆ. ಗೆದ್ದಿದ್ರ ಹೋಗ್ತಿದ್ದೆ. ನೀವು ಡೇರೆ ತಂದ್ರಿ."

ಅವರಿಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ. ಡೇರೆ ತಂದದ್ದು ಪ್ರೀತಿಯಿಂದಲೇ ಎಂದರು. ಇರಬಹುದು. ನಾನು ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿದ್ದುದರಿಂದಲೇ ಅಷ್ಟು ಪ್ರೀತಿ ಮಾಡಲು ಆಯಿತು. ಇಲ್ಲದಿದ್ದರೆ ಆಗುತ್ತಿರಲಿಲ್ಲ.

ನೀಲಾ ವಾಪಸು ಬಂದು ಒಂದು ವಾರ ನನ್ನ ಲ್ಯಾಬಿನ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತು, ಪರ್ಸಿನಿಂದ ಮಡಚಿದ ಕಾಗದ ತೆಗೆದು ಕೊಟ್ಟಳು. ಹಿಮಾಚಲದ ಮೀನುಗಾರಿಕೆ ಇಲಾಖೆಯ ಪರವಾನಗಿ, ನನ್ನ ಹೆಸರಿನಲ್ಲಿ. ಹಿಂದಿಯಲ್ಲಿ ಗಿರಿಜಾ ಎಂದು ದುಂಡಗೆ ಬರೆದು ಮೊಹರು ಒತ್ತಿದ್ದರು. ಮೂರು ದಿನ ಏನೂ ಸಿಗಲಿಲ್ಲವಂತೆ. ನಾಲ್ಕನೇ ದಿನ ಬೆಳಿಗ್ಗೆ ಬಂಡೆಯ ಹಿಂದಿನ ಮಡುವಿನಲ್ಲಿ ಒಂದು ಸಿಕ್ಕಿತಂತೆ. ಮೈತುಂಬ ಚುಕ್ಕೆಯಿತ್ತು, ಗೇಣುದ್ದವೂ ಇರಲಿಲ್ಲ ಎಂದಳು. ನೀರು ಹೇಗಿತ್ತು ಎಂದು ಕೇಳಿದೆ. ಅದನ್ನೆಲ್ಲ ಹೇಳಿದರೆ ಏನು ಬಂತು ಎಂದಳು.

ನಾನು ಲಾಕರಿನ ಕತೆ ಹೇಳಿದೆ. ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ.

"ನಂಗೆ ನಿನ್ ಗಂಡನ ಮೇಲೆ ಸಿಟ್ಟಿಲ್ಲ ಕಣೆ," ಎಂದಳು. "ಅವ್ರು ಯಾರೋ. ನಿನ್ ಮೇಲೆ ಸಿಟ್ಟು. ನಾನು ಅಬು ನಾಸರ್ ಹತ್ರ ರಜೆ ಕೇಳ್ದೆ, ಪಾಸ್‌ಪೋರ್ಟ್ ಬೇಡ್ಕೊಳ್ಲಿಲ್ಲ. ನಂದು, ಕೊಡಿ ಅಂದೆ. ನೀನು ಮೂರ್ ತಿಂಗಳಲ್ಲಿ ಒಂದ್ಸಲ ಆ ಬೀಗದ ಕೈ ನನ್ ಕೈಗಿರ್ಲಿ ಅನ್ಲಿಲ್ಲ."

ಅವಳು ಹೇಳಿದ್ದು ನಿಜ, ಅದು ನಿಜವಾದ್ದರಿಂದಲೇ ಆ ದಿನ ನನಗೆ ಅವಳ ಮೇಲೂ ಕೋಪ ಬಂತು. ಒಬ್ಬಂಟಿಯಾಗಿರುವವಳಿಗೆ ಸುಲಭ ಎಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ, ಅಷ್ಟೇ ಪುಣ್ಯ. ಮರುವರ್ಷ ಅವಳ ಕರಾರು ಮುಗಿದು ಮಸ್ಕತ್ತಿಗೆ ಹೋದಳು. ಮರುವರ್ಷದ ಅಕ್ಟೋಬರಿನಲ್ಲಿ ನಾನೊಬ್ಬಳೇ ಹೋಗಬಹುದಿತ್ತು, ತಡೆಯುವವರಿರಲಿಲ್ಲ. ಹೋಗಲಿಲ್ಲ. ನನಗಷ್ಟು ಧೈರ್ಯವಿರಲಿಲ್ಲ. ಆ ಸಿಟ್ಟನ್ನು ಬೇರೆ ಯಾರ ತಲೆಗೂ ಕಟ್ಟಲು ಬರುವುದಿಲ್ಲ.

ಆದರೆ ಒಂದು ಕೆಲಸ ಮಾಡಿದೆ. ನೀಲಾ ಹಾಗಂದ ಮರುದಿನ ಬೆಳಿಗ್ಗೆ, ಪರ್ಸಿನಲ್ಲಿ ನನ್ನ ಪಾಸ್‌ಪೋರ್ಟು ಹಾಕಿಕೊಂಡು ಕ್ಲಿನಿಕ್ಕಿಗೆ ಹೋದವಳು ನೇರ ಅಬು ನಾಸರ್ ಕೋಣೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ, ರಜೆ ಇಲ್ಲ, ಜನವರಿಯವರೆಗೆ ಯಾರಿಗೂ ರಜೆ ಇಲ್ಲ ಎಂದ. ನಾನು ಪಾಸ್‌ಪೋರ್ಟು ತೆಗೆದು ಅವನ ಮೇಜಿನ ಮೇಲಿಟ್ಟು, ಇದನ್ನು ನಿಮ್ಮ ಕಪಾಟಿನಲ್ಲಿಡಿ ಎಂದೆ. ಅವನು ಅದನ್ನು ತಿರುಗಿಸಿ ನೋಡಿದ. ಹದಿನೈದು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ, ಇದನ್ನು ಕೇಳಲು ಬರುತ್ತಾರೆ, ಅಳುತ್ತಾರೆ, ಕೊಡಲು ಯಾರೂ ಬಂದಿಲ್ಲ ಎಂದ. ನಿನ್ನ ಗಂಡ ಇಲ್ಲೇ ಇದ್ದಾನಲ್ಲ, ಅವನ ಹತ್ತಿರ ಸುರಕ್ಷಿತವಲ್ಲವೇ ಎಂದು ಕೇಳಿದ. ಅಲ್ಲ ಎಂದೆ. ಅವನು ನನ್ನ ಮುಖ ನೋಡಿ, ಕಪಾಟಿನ ಕೀಲಿ ತೆಗೆದ. ಒಂದು ಮಾತು ಮಾತ್ರ ಬರೆಸಿಕೊಂಡೆ: ಇದನ್ನು ನನ್ನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಕೊಡಕೂಡದು. ಅವನು ಬರೆದು ಸಹಿ ಹಾಕಿ, ಒಂದು ಪ್ರತಿ ನನಗೆ ಕೊಟ್ಟ.

ಬೇರೆಯವರ ಪಾಸ್‌ಪೋರ್ಟು ಇಟ್ಟುಕೊಳ್ಳಬಾರದ ಮನುಷ್ಯನ ಕಪಾಟಿಗೆ ನಾನೇ ಹೋಗಿ ನನ್ನನ್ನು ಒಪ್ಪಿಸಿಕೊಂಡೆ. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ ಎಂದು ನನಗೆ ಗೊತ್ತಿತ್ತು. ಬ್ಯಾಂಕಿನಲ್ಲಿ ನನ್ನದೇ ಲಾಕ‌ರ್ ಮಾಡಬಹುದಿತ್ತು, ಮುಂದೆ ಮಾಡಿದೆ ಕೂಡ. ಆದರೆ ಆ ದಿನದ ಸಿಟ್ಟಿಗೆ ಬೇಕಾಗಿದ್ದದ್ದು ಅದೇ ಕಪಾಟು.

ಮುಂದಿನ ಜೂನಿನಲ್ಲಿ ಮಹಾಂತೇಶರ ತಂಗಿಯ ಮನೆಯ ಗೃಹಪ್ರವೇಶಕ್ಕೆ ನಾವು ಹುಬ್ಬಳ್ಳಿಗೆ ಹೋಗಬೇಕಿತ್ತು. ಟ್ರಾವೆಲ್ಸಿನವನಿಗೆ ಪಾಸ್‌ಪೋರ್ಟಿನ ಪ್ರತಿ ಬೇಕೆಂದು ಅವರು ಲಾಕರ್ ತೆರೆದರು. ಎರಡೇ ಇದ್ದವು. ನನ್ನದು ಕ್ಲಿನಿಕ್ಕಿನಲ್ಲಿದೆ, ಹೋಗಿ ಕೇಳಿ ಎಂದೆ. ಯಾಕೆ ಎಂದರು. ಹೋಗಿ ಕೇಳಿ ಎಂದೆ, ಅಷ್ಟೇ.

ಮರುದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬಂದರು. ಅಬು ನಾಸರ್ ಕೋಣೆಯ ಹೊರಗೆ ಒಂದು ಬೆಂಚಿದೆ, ಊರಿಗೆ ಹೋಗುವ ನರ್ಸುಗಳು ಪಾಸ್‌ಪೋರ್ಟಿಗಾಗಿ ಕಾಯುವ ಬೆಂಚು. ಅದು ನನ್ನ ಲ್ಯಾಬಿನ ಗಾಜಿನ ಬಾಗಿಲಿಗೆ ಎದುರೇ. ಅವರು ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದರು. ಅಬು ನಾಸರನ ಆಫೀಸಿನ ಹುಡುಗಿ ಬಂದು, ನಿಮ್ಮ ಮಿಸ್ಟರ್ ಬಂದಿದ್ದಾರೆ, ಪಾಸ್‌ಪೋರ್ಟಿಗೆ ನಿಮ್ಮದೇ ಸಹಿ ಬೇಕೆಂದು ಸಾಹೇಬರು ಹೇಳಿದರು ಎಂದಳು. ಬರುತ್ತೇನೆ, ಕೆಲಸ ಇದೆ, ಕೂಡಲು ಹೇಳು ಎಂದೆ.

ಬೆಂಚಿನಲ್ಲಿ ಆಗಲೇ ಇಬ್ಬರು ಕೇರಳದ ನರ್ಸುಗಳಿದ್ದರು. ಅವರು ಸರಿದು ಜಾಗ ಮಾಡಿಕೊಟ್ಟರು. ಮಹಾಂತೇಶ ಅವರ ಪಕ್ಕದಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕೂತರು. ಒಮ್ಮೆ ತಲೆಯೆತ್ತಿ ಗಾಜಿನ ಬಾಗಿಲಿನ ಕಡೆ ನೋಡಿದರು. ನಾನೂ ನೋಡಿದೆ. ನನ್ನ ಮುಂದೆ ಹನ್ನೊಂದು ಸ್ಯಾಂಪಲ್ಲುಗಳಿದ್ದವು. ಯಾವುದೂ ತುರ್ತಿನದಲ್ಲ. ನಾನು ಕೈಗವಸು ಹಾಕಿಕೊಂಡು, ಮೊದಲನೆಯ ಟ್ಯೂಬು ಎತ್ತಿಕೊಂಡು, ಹೆಸರು ಓದಿ, ಎಲ್ಲವನ್ನೂ ಒಂದೊಂದಾಗಿ, ನಿಧಾನವಾಗಿ ಮಾಡಿ ಮುಗಿಸಿದೆ.